ನಿಧಾನಕ್ಕನ ಏಳು ಟೈರು

ಗಾಜಿನ ಗೋದಾಮಿನವರು ಅವಳಿಗೆ ಇಟ್ಟ ಹೆಸರು ನಿಧಾನಕ್ಕ. ಆಳೆತ್ತರದ ಗಾಜಿನ ಹಾಳೆಗಳನ್ನು ಲಾರಿಯ ಬೆನ್ನ ಮೇಲೆ ನಿಲ್ಲಿಸಿಕೊಂಡು ಹೋಗುವವಳು ಇನ್ನು ಹೇಗೆ ಹೋದಾಳು? ಗುಂಡಿ ಕಂಡರೆ ನಿಲ್ಲುತ್ತಿದ್ದಳು, ಉಬ್ಬು ಕಂಡರೆ ಇರುವೆಯ ಹಾಗೆ ಹತ್ತಿ ಇಳಿಯುತ್ತಿದ್ದಳು. ಹಿಂದಿನವರು ಹಾರನ್ ಹೊಡೆದೂ ಹೊಡೆದೂ ಸುಸ್ತಾಗಿ, ಪಕ್ಕದಿಂದ ದಾಟುವಾಗ ಕಿಟಕಿಯಾಚೆ ತಲೆ ಹಾಕಿ ಏನಾದರೊಂದು ಅಂದು ಹೋಗುತ್ತಿದ್ದರು. ಅದಕ್ಕೆಲ್ಲ ಅವಳು ಸೊಪ್ಪು ಹಾಕಿದವಳಲ್ಲ.

ಆದರೆ ಆ ನಿಧಾನ ಇದ್ದದ್ದು ಕಾಲಿನಲ್ಲಿ ಮಾತ್ರ. ಮನಸ್ಸು ಯಾವಾಗಲೂ ಲಾರಿಗಿಂತ ನಾಲ್ಕು ತಿರುವು ಮುಂದೆ ಓಡುತ್ತಿರುತ್ತಿತ್ತು. ಹಗ್ಗ ಬಿಗಿಯಾಗಿದೆಯೋ ಇಲ್ಲವೋ, ಮುಂದಿನ ಸೇತುವೆ ಮೇಲೆ ಎದುರಿನಿಂದ ಬಸ್ಸು ಬಂದರೆ ಏನು ಗತಿ, ಒಲೆ ಆರಿಸಿ ಬಂದೆನೋ ಇಲ್ಲವೋ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅವಳ ಗಂಡ ನಗುತ್ತ ಹೇಳುತ್ತಿದ್ದ: "ನಿನ್ನ ಗಾಡಿ ಓಡೋದು ಇಪ್ಪತ್ತರಲ್ಲಿ. ತಲೆ ಮಾತ್ರ ನೂರಿಪ್ಪತ್ತು. ಎರಡೂ ಅದಲುಬದಲಾಗದೆ ಇದ್ರೆ ಸಾಕು."

ಲಾರಿ ಅಪ್ಪನದು. ಓಡಿಸಲು ಕಲಿಸಿದವನೂ ಅವನೇ. ಮೂವತ್ತು ವರ್ಷ ಗಾಜು ಸಾಗಿಸಿ, ಕಣ್ಣಿಗೆ ಮಂಜು ಕವಿಯತೊಡಗಿದಾಗ ಒಂದು ಬೆಳಿಗ್ಗೆ ಕೀಲಿ ಕೈ ತಂದು ಮಗಳ ಅಂಗೈಯಲ್ಲಿಟ್ಟಿದ್ದ. ಆದರೂ ಲಾರಿಯನ್ನು ಪೂರ್ತಿ ಬಿಟ್ಟುಕೊಟ್ಟಿರಲಿಲ್ಲ. ಅವಳು ಬಂದು ಅಂಗಳದಲ್ಲಿ ಗಾಡಿ ನಿಲ್ಲಿಸಿದ ಕೂಡಲೇ ಬಕೆಟ್ಟು, ಬಟ್ಟೆ ಹಿಡಿದು ಇಳಿಯುತ್ತಿದ್ದ. ಮೊದಲು ನೀರು ಹಾಕಿ ಟೈರಿನ ಧೂಳು ತೊಳೆಯುವುದು, ಆಮೇಲೆ ಡಬ್ಬಿಯಲ್ಲಿದ್ದ ಏನನ್ನೋ ಬಟ್ಟೆಗೆ ಅದ್ದಿ ಟೈರಿನ ಪಕ್ಕೆಯನ್ನು ಮಿರಮಿರ ಮಿಂಚುವ ತನಕ ಉಜ್ಜುವುದು. ಗೋದಾಮಿನಲ್ಲಿ ಎಲ್ಲರ ಲಾರಿಗಳ ಟೈರೂ ಮಣ್ಣಿನ ಬಣ್ಣದಲ್ಲಿರುತ್ತಿದ್ದವು, ಅವಳದು ಮಾತ್ರ ಕರೀ ಬೂಟಿನ ಹಾಗೆ. ಅದು ಅವಳಿಗೂ ಒಳಗೊಳಗೇ ಖುಷಿ ಕೊಡುತ್ತಿತ್ತು.

ಎಂಟು ತಿಂಗಳ ಹಿಂದೆ ಏಳೂ ಟೈರುಗಳನ್ನು ಒಟ್ಟಿಗೆ ಹೊಸದು ಹಾಕಿಸಿದ್ದಳು. ಮುಂದೆ ಎರಡು, ಹಿಂದೆ ಆ ಕಡೆ ಒಂದು ಜೋಡಿ, ಈ ಕಡೆ ಒಂದು ಜೋಡಿ, ಮತ್ತೆ ಚಾಸಿಯ ಕೆಳಗೆ ಸರಪಳಿಯಲ್ಲಿ ತೂಗುವ ಸ್ಟೆಪ್ನಿ. ಸ್ಟೆಪ್ನಿಗೆ ಹಳೇದೇ ಸಾಕು ಅಂತ ಟೈರ್ ಅಂಗಡಿಯಣ್ಣ ಹೇಳಿದರೂ ಅಪ್ಪ ಕೇಳಿರಲಿಲ್ಲ. "ಗಾಜು ಹೊತ್ಕೊಂಡು ಹೋಗೋ ಗಾಡಿ. ಆಪತ್ತಿಗೆ ಆಗೋದೇ ಹಳೇದಾದ್ರೆ ಹೇಗೆ?" ಅಂದಿದ್ದ.

ಆ ದಿನ ಸಂಜೆ ಅವಳು ಕೈಕಾಲು ತೊಳೆದು ಬರುವಷ್ಟರಲ್ಲಿ ಅಪ್ಪ ಮುಂದಿನ ಎಡ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಉಜ್ಜುವುದನ್ನು ನಿಲ್ಲಿಸಿ, ಬೆರಳ ತುದಿಯಲ್ಲಿ ಏನನ್ನೋ ತಡವುತ್ತಿದ್ದ.

"ಬಾ ಇಲ್ಲಿ. ನನ್ನ ಕಣ್ಣಿಗೆ ಕಾಣ್ತಿಲ್ಲ, ಬೆರಳಿಗೆ ಸಿಗ್ತಿದೆ. ಕೂದಲೆಳೆ ಥರ ಏನಿದು?"

ಅವಳು ಬಗ್ಗಿ ನೋಡಿದಳು. ಟೈರಿನ ಪಕ್ಕೆಯಲ್ಲಿ, ಅಂಚಿನ ಸುತ್ತ, ಒಣಗಿದ ಕೆರೆಯ ತಳದ ಹಾಗೆ ಸಣ್ಣ ಸಣ್ಣ ಸೀಳುಗಳು. ಉಗುರು ತೂರಿಸಿದರೆ ಒಳಗೆ ಹೋಗುತ್ತಿತ್ತು. ಇನ್ನೊಂದನ್ನು ನೋಡಿದಳು. ಅದರಲ್ಲೂ ಇತ್ತು. ಹಿಂದಿನ ಜೋಡಿಗಳ ಹೊರಗಿನವನ್ನು ನೋಡಿದಳು. ಅವುಗಳಲ್ಲೂ. ಎಂಟೇ ತಿಂಗಳು! ಪಕ್ಕೆ ಬಿರಿದ ಟೈರು ಯಾವ ಗಳಿಗೆಯಲ್ಲಿ ಒಡೆಯುತ್ತದೋ ಹೇಳಲಾಗದು. ಬೆನ್ನ ಮೇಲೆ ಗಾಜು ಬೇರೆ.

"ವಾರಂಟಿ ಇದೆ ಅಲ್ವಾ," ಅಂದ ಅಪ್ಪ ಎದ್ದು ನಿಲ್ಲುತ್ತ. "ಕಂಪನಿಯವರು ಬದಲಾಯಿಸಿ ಕೊಡ್ಲಿ. ನಾವೇನು ಇಟ್ಟಿಗೆ ತುಂಬ್ತೀವಾ, ಜಲ್ಲಿ ತುಂಬ್ತೀವಾ? ನೀನೇನು ಓಡಿಸ್ತೀಯಾ, ತೆವಳಿಸ್ತೀಯಾ!"

ಮಾರನೆಯ ದಿನವೇ ವಾರಂಟಿ ಕಾರ್ಡು ಹುಡುಕಿಕೊಂಡು ಟೈರ್ ಅಂಗಡಿಗೆ ಹೋದಳು. ಅಂಗಡಿಯಣ್ಣ ಅಪ್ಪನಿಗೆ ಹಳೆಯ ಪರಿಚಯ, ಅವಳನ್ನು ತಂಗೀ ಅಂತಲೇ ಕರೆಯುವವನು. ಬಿರುಕು ನೋಡಿ ಅವನ ಮುಖ ಚಿಕ್ಕದಾಯಿತು. "ಹೂಂ, ನೋಡೋಣ, ಎಂಜಿನಿಯರ್ ಬರ್ತಾರೆ, ಅವರು ಹೇಳಿದ್ದೇ ಮಾತು," ಅಂತ ಕಾಗದ ತುಂಬಿಸಿಕೊಂಡ. ಏನೋ ನುಂಗಿಕೊಂಡ ಹಾಗೆ ಮಾತಾಡುತ್ತಿದ್ದ. ಆಗ ಅವಳಿಗೆ ಅದು ಹೊಳೆಯಲಿಲ್ಲ.

ಎಂಜಿನಿಯರ್ ಅಂಗಡಿಗೆ ಬಂದದ್ದು ಆರು ದಿನ ಬಿಟ್ಟು. ಅಷ್ಟು ದಿನವೂ ಅವಳು ಊಟಕ್ಕೆ ಕೂತರೆ ಅರ್ಧಕ್ಕೆ ಎದ್ದು ಅಂಗಳಕ್ಕೆ ಹೋಗುತ್ತಿದ್ದಳು. ನೋಡಿದ್ದನ್ನೇ ಮತ್ತೆ ನೋಡಿ, ಬಿರುಕು ನಿನ್ನೆಗಿಂತ ಉದ್ದವಾಗಿದೆ ಅಂತ ಅನ್ನಿಸಿ, ಇಲ್ಲ ಅಷ್ಟೇ ಇದೆ ಅಂತಲೂ ಅನ್ನಿಸಿ, ಒಳಗೆ ಬರುತ್ತಿದ್ದಳು. ಬಂದವನು ನಡುವಯಸ್ಸಿನವನು, ಬೆವರಿನಿಂದ ಅಂಗಿ ಬೆನ್ನಿಗೆ ಅಂಟಿತ್ತು. ಆ ದಿನ ಅವನಿಗೆ ಇನ್ನೂ ಹನ್ನೊಂದು ಅಂಗಡಿ ಬಾಕಿ ಇತ್ತಂತೆ. ಅಪ್ಪನೂ ಅವಳ ಜೊತೆಗೆ ಅಂಗಡಿಗೆ ಬಂದಿದ್ದ, ಇಸ್ತ್ರಿ ಅಂಗಿ ತೊಟ್ಟುಕೊಂಡು.

ಎಂಜಿನಿಯರ್ ಏನು ಕೇಳಿದರೂ ಅವಳ ಹತ್ತಿರ ಉತ್ತರವಿತ್ತು. ತೂಕದ ಚೀಟಿಗಳನ್ನು ತೋರಿಸಿದಳು, ಗಾಳಿ ಹಾಕಿಸಿದ ದಿನಗಳನ್ನು ಹೇಳಿದಳು. ಅವನು ತಲೆಯಾಡಿಸುತ್ತ, ಜೇಬಿನಿಂದ ಬಿಳೀ ಕಾಗದ ತೆಗೆದು ಮುಂದಿನ ಟೈರಿನ ಪಕ್ಕೆಗೆ ಒತ್ತಿ ಎಳೆದ. ಕಾಗದದ ಮೇಲೆ ಕಪ್ಪಗೆ, ಜಿಡ್ಡಾಗಿ ಒಂದು ಪಟ್ಟೆ ಮೂಡಿತು.

"ಇದಕ್ಕೆ ಏನು ಹಚ್ತೀರಾ?"

ಅವಳು ಬಾಯಿ ತೆರೆಯುವ ಮೊದಲೇ ಅಪ್ಪ ಮುಂದೆ ಬಂದ. ಯಾರೋ ಕೊನೆಗೂ ಕೇಳಿದರಲ್ಲ ಅನ್ನುವ ಹಿಗ್ಗು ಮುಖದಲ್ಲಿ. "ಅದು ನನ್ನ ಕೆಲ್ಸ ಸರ್. ಹಳೆ ಎಂಜಿನ್ ಆಯಿಲ್ಲಿಗೆ ಸ್ವಲ್ಪ ಡೀಸೆಲ್ ಬೆರೆಸಿ ಹಚ್ತೀನಿ. ಒಂದು ಚೂರು ಧೂಳು ಕೂರಲ್ಲ ನೋಡಿ. ನಮ್ಮ ಕಾಲದಿಂದ್ಲೂ ಹೀಗೇನೇ."

ಅಂಗಡಿಯಣ್ಣ ಬೇರೆ ಕಡೆ ನೋಡಿದ.

"ಯಜಮಾನ್ರೇ," ಅಂದ ಎಂಜಿನಿಯರ್, ದನಿ ತಗ್ಗಿಸಿ, "ಎಣ್ಣೆ ರಬ್ಬರನ್ನ ತಿನ್ನತ್ತೆ. ಆಯಿಲ್ಲು, ಡೀಸೆಲ್ಲು ಯಾವುದೂ ಟೈರಿಗೆ ಸೋಕಬಾರದು. ಕಾರ್ಡಿನ ಹಿಂದೆ ಬರ್ದಿದೆ."

ಕಾರ್ಡಿನ ಹಿಂದೆ ಬರೆದಿತ್ತು. ಇರುವೆ ಸಾಲಿನಂಥ ಅಕ್ಷರದಲ್ಲಿ. ಅವನು ಹಿಂದಿನ ಹೊರ ಟೈರುಗಳಿಗೂ ಕಾಗದ ಎಳೆದು, ಫೋಟೋ ತೆಗೆದು, ಫಾರಮ್ಮಿನಲ್ಲಿ "ಬಳಸಿದವರಿಂದಾದ ಹಾನಿ, ವಾರಂಟಿ ಅನ್ವಯಿಸದು" ಅಂತ ಬರೆದು ಅವಳ ಕೈಗೆ ಕೊಟ್ಟು ಹೊರಟ. ಒಟ್ಟು ಹತ್ತು ನಿಮಿಷದ ಕೆಲಸ.

ಮನೆಯ ಅಂಗಳದಲ್ಲಿ ಇಳಿದ ಮೇಲೆ ಅಪ್ಪ ಎರಡೂ ಅಂಗೈಗಳನ್ನು ಒಮ್ಮೆ ಕಣ್ಣಿನ ಹತ್ತಿರ ತಂದು ನೋಡಿಕೊಂಡ. "ನಿನ್ನ ಗಾಡೀನ ನಾನೇ ತಿಂದ್ಹಾಕ್ದೆ," ಅಂದು ಒಳಗೆ ಹೋದ.

ಆವತ್ತಿನಿಂದ ಅವನು ಅಂಗಳಕ್ಕೆ ಇಳಿಯಲಿಲ್ಲ. ಲಾರಿ ಬಂದ ಸದ್ದಾದರೆ ಗೋಡೆಯ ಕಡೆ ಮಗ್ಗುಲು ಬದಲಿಸುತ್ತಿದ್ದ. ಮಾತಾಡಿಸಿದರೆ ಹೂಂ, ಊಹೂಂ. ಅವಳಿಗೆ ಅವನ ಮೇಲೆ ಸಿಟ್ಟು ಬರುತ್ತಿತ್ತು, ಆ ಸಿಟ್ಟಿಗೆ ನಾಚಿಕೆಯಾಗುತ್ತಿತ್ತು. ಎಂಟು ತಿಂಗಳು ದಿನವೂ ಅವನು ಉಜ್ಜುವುದನ್ನು ನೋಡಿದವಳು, ಡಬ್ಬಿಯಲ್ಲಿ ಏನಿದೆ ಅಂತ ಒಂದು ದಿನವಾದರೂ ಕೇಳಿದ್ದಳೇ? ಕೇಳಿದ್ದರೂ ಗೊತ್ತಾಗುತ್ತಿತ್ತೇ?

ಕೆಲಸ ನಿಲ್ಲಿಸುವ ಹಾಗಿರಲಿಲ್ಲ. ಮುಂದಿನ ಚಕ್ರ ಒಡೆದರೆ ಪ್ರಾಣಕ್ಕೇ ಸಂಚಕಾರ ಅಂತ ಆ ಎರಡನ್ನು ಮಾತ್ರ ಬಿಚ್ಚಿಸಿ ಅಂಗಡಿಯಲ್ಲಿಟ್ಟು, ಬೇರೆ ಹಾಕಿಸಿಕೊಂಡಳು. ಹಿಂದಿನ ನಾಲ್ಕು ಹಾಗೇ ಉಳಿದವು. ಮೊದಲೇ ನಿಧಾನಕ್ಕ, ಈಗ ಕೇಳಬೇಕೇ? ಐದು ಕಿಲೋಮೀಟರಿಗೊಮ್ಮೆ ಪಕ್ಕಕ್ಕೆ ಹಾಕಿ ಇಳಿಯುವಳು, ಅಂಗೈ ಇಟ್ಟು ಟೈರಿನ ಬಿಸಿ ನೋಡುವಳು, ಬಿರುಕುಗಳನ್ನು ನೋಡುವಳು, ಹತ್ತುವಳು. ಹತ್ತಿ ಬಾಗಿಲು ಹಾಕಿಕೊಂಡ ಮೇಲೆ ಬಲಗಡೆಯದನ್ನು ಸರಿಯಾಗಿ ನೋಡಿದೆನೇ ಅಂತ ಸಂಶಯ ಬಂದು ಮತ್ತೆ ಇಳಿಯುವಳು. ಎಂಜಿನ್ನಿನ ಪ್ರತಿ ಸದ್ದಿಗೂ ಬೆನ್ನು ನೆಟ್ಟಗಾಗುತ್ತಿತ್ತು.

ಹೀಗೆ ಒಂಬತ್ತು ದಿನ ಕಳೆಯಿತು. ಹತ್ತನೆಯ ದಿನ ಕಟ್ಟುತ್ತಿದ್ದ ಆಸ್ಪತ್ರೆಯೊಂದಕ್ಕೆ ಕಿಟಕಿ ಗಾಜು ಹೇರಿಕೊಂಡು ಹೊರಟಿದ್ದಳು. ಮಟಮಟ ಮಧ್ಯಾಹ್ನ. ಉದ್ದನೆಯ ಇಳಿಜಾರು, ಎರಡನೆಯ ಗೇರಿನಲ್ಲಿ ಇಳಿಯುತ್ತಿದ್ದಳು. ಹಿಂದೆ ಎಲ್ಲೋ ದಪ್ಪ ಬಟ್ಟೆ ಹರಿದಂಥ ಸದ್ದು, ಅದರ ಬೆನ್ನಿಗೇ ಢಮಾರ್ ಅಂತ ಇನ್ನೊಂದು. ಲಾರಿ ಎಡಕ್ಕೆ ಒಮ್ಮೆ ಕುಸಿದು ತೂಗಿತು. ಬೆನ್ನ ಹಿಂದೆ ಗಾಜುಗಳೆಲ್ಲ ಒಟ್ಟಿಗೆ ಝಿಲ್ಲೆಂದವು. ಅವಳು ಬ್ರೇಕಿನ ಮೇಲೆ ಕಾಲು ಒತ್ತಲಿಲ್ಲ; ಅಪ್ಪ ಕಲಿಸಿದ ಮೊದಲ ಪಾಠವೇ ಅದು. ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದು, ಗಾಡಿ ತಾನಾಗಿ ಸೋಲಲು ಬಿಟ್ಟು, ರಸ್ತೆಯಂಚಿಗೆ ತಂದು ನಿಲ್ಲಿಸಿದಳು. ಇಳಿದು, ಗಾಜಿನ ಚೌಕಟ್ಟಿನ ಸುತ್ತ ಒಂದು ಸುತ್ತು ಬಂದಳು. ಒಂದೂ ಒಡೆದಿರಲಿಲ್ಲ.

ಹಿಂದಿನ ಎಡ ಜೋಡಿಯ ಹೊರಗಿನ ಟೈರು ಪಕ್ಕೆಯುದ್ದಕ್ಕೂ ಬಾಯಿ ಬಿಟ್ಟಿತ್ತು. ಜಾಕ್ ಕೊಟ್ಟು, ಸ್ಪ್ಯಾನರಿನ ಮೇಲೆ ನಿಂತು ನಟ್ಟು ಸಡಿಲಿಸಿ, ಅದನ್ನು ಉರುಳಿಸಿ ಪಕ್ಕಕ್ಕೆ ಹಾಕಿದಾಗ ಒಳಗಿನ ಟೈರು ಕಂಡಿತು. ಧೂಳು ಹೊದ್ದು ಬೂದಿ ಬಣ್ಣಕ್ಕೆ ತಿರುಗಿದ್ದ ಅದರ ಪಕ್ಕೆಯಲ್ಲೂ ಅದೇ ಸೀಳುಗಳು. ಅವಳು ಕೈ ಚಾಚಿದವಳು ಹಾಗೇ ನಿಂತಳು. ಇಲ್ಲಿಗೆ ಅಪ್ಪನ ಕೈ ತಲುಪುವುದಿಲ್ಲ! ಹೊರಗಿನದನ್ನು ಬಿಚ್ಚದೆ ಯಾರ ಕೈಯೂ ತಲುಪುವುದಿಲ್ಲ.

ಹಾಗಾದರೆ ಸ್ಟೆಪ್ನಿ?

ರಸ್ತೆಯ ಮೇಲೆ ಮಲಗಿ ಚಾಸಿಯ ಕೆಳಗೆ ತೆವಳಿದಳು. ಸರಪಳಿ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಗುದ್ದಿ ಗುದ್ದಿ ಬಿಡಿಸಿದಳು. ಟೈರು ಧೊಪ್ಪನೆ ಬಿತ್ತು. ಹೊರಗೆ ಎಳೆದು, ಕುಡಿಯುವ ನೀರಿನ ಬಾಟಲಿ ಅದರ ಮೇಲೆ ಸುರಿದು, ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಒರೆಸಿದಳು. ಎಂಟು ತಿಂಗಳಲ್ಲಿ ನೆಲ ಮುಟ್ಟದ, ಬಿಸಿಲು ಕಾಣದ, ಒಂದು ತೊಟ್ಟು ಎಣ್ಣೆ ಸೋಕದ ಟೈರು. ಅಂಚಿನ ಸುತ್ತ ಬಿರುಕೇ ಬಿರುಕು.

ನಿಧಾನಕ್ಕ ರಸ್ತೆಯ ಬದಿಯಲ್ಲಿ, ಮಣ್ಣು ಮೆತ್ತಿದ ಮುಖದಲ್ಲಿ, ಹಾಳಾದ ಟೈರಿನ ಮೇಲೆ ಕೂತು ಗಟ್ಟಿಯಾಗಿ ನಕ್ಕಳು. ದಾಟುತ್ತಿದ್ದ ಬೈಕಿನವನೊಬ್ಬ ವೇಗ ತಗ್ಗಿಸಿ ನೋಡಿ, ತನಗೇಕೆ ಉಸಾಬರಿ ಅಂತ ವೇಗ ಹೆಚ್ಚಿಸಿ ಹೋದ.

ನಗು ನಿಂತ ಮೇಲೆ ತಲೆ ಓಡತೊಡಗಿತು. ಇದನ್ನು ಈಗ ಹಾಕಿ ಓಡಿಸಿದರೆ, ಓಡಿದ ಟೈರು ಅನ್ನುತ್ತಾರೆ. ಓಡದೆ ಇದ್ದರೇ ಇದಕ್ಕೆ ಬೆಲೆ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಆಸ್ಪತ್ರೆ ಕಟ್ಟಡದ ಮೇಸ್ತ್ರಿ.

"ನಿಧಾನಕ್ಕಾ, ನಿಧಾನ ಅಂದ್ರೆ ಇಷ್ಟೊಂದಾ? ಹತ್ತು ಜನ ಕೈ ಕಟ್ಕೊಂಡು ಕೂತಿದಾರೆ ಇಲ್ಲಿ!"

"ಟೈರು ಹೋಯ್ತಣ್ಣಾ. ಗಾಜಿಗೆ ಏನೂ ಆಗಿಲ್ಲ. ಬರ್ತೀನಿ."

"ಸ್ಟೆಪ್ನಿ ಇಲ್ವಾ?"

"ಇದೆ," ಅಂದಳು. "ಹಾಕಲ್ಲ."

ಮೇಸ್ತ್ರಿಗೆ ಅದು ಅರ್ಥವಾಗಲಿಲ್ಲ. ಅವನು ಕೂಗಾಡುವಾಗಲೇ ಫೋನಿಟ್ಟು ಟೈರ್ ಅಂಗಡಿಗೆ ಮಾಡಿದಳು. ಹಳೆಯದೊಂದು ಟೈರು ತಗೊಂಡು ಈಗಿಂದೀಗಲೇ ಬಾ ಅಂದಳು.

ಅಂಗಡಿಯಣ್ಣ ಸಣ್ಣ ಸಾಮಾನು ಗಾಡಿಯಲ್ಲಿ ಗೊಣಗುತ್ತ ಬಂದ. ಬಂದವನಿಗೆ ಅವಳು ಏನೂ ಹೇಳದೆ ಸ್ಟೆಪ್ನಿಯನ್ನು ತೋರಿಸಿದಳು. ಅವನು ಬಗ್ಗಿದ, ಹೆಬ್ಬೆರಳಿನಿಂದ ಒತ್ತಿದ, ನೋಡಿದ. ಗೊಣಗಾಟ ನಿಂತುಹೋಯಿತು.

"ತಂಗೀ, ನಿನ್ನ ಹತ್ರ ಒಂದು ಮಾತು ಮುಚ್ಚಿಟ್ಟಿದ್ದೆ."

"ಏನು?"

"ಇದೇ ಸರಕಿನ ಟೈರು ಇನ್ನಿಬ್ಬರದ್ದೂ ಬಿರಿದು ಬಂದಿದೆ. ಒಬ್ಬ ತರಕಾರಿ ಲೋಡು ಹೊಡೆಯೋನು, ಒಬ್ಬ ಮರದ ಲೋಡು ಹೊಡೆಯೋನು. ಅವರಿಗೆ ಓವರ್‌ಲೋಡು ಅಂತ ಹೇಳಿ ಕಳಿಸಿದ್ರು. ನಾನು ಬಾಯಿ ಬಿಡ್ಲಿಲ್ಲ. ಕಂಪನಿಯವರು ಸರಕು ಕೊಡೋದು ನಿಲ್ಲಿಸಿದ್ರೆ ಅಂಗಡಿ ಮುಚ್ಬೇಕು ನೋಡು."

ಅವಳ ನೆತ್ತಿಗೆ ರಕ್ತ ಏರಿತು. "ಅಪ್ಪ ನಿನ್ನೆದುರೇ ನಿಂತಿದ್ದ ಅಣ್ಣಾ. ಇಸ್ತ್ರಿ ಅಂಗಿ ಹಾಕ್ಕೊಂಡು ಬಂದಿದ್ದ. ಆವತ್ತಿಂದ ಗೋಡೆ ನೋಡ್ಕೊಂಡು ಮಲಗಿದಾನೆ. ನಿನಗೆ ಗೊತ್ತಿತ್ತು!"

ಅಂಗಡಿಯಣ್ಣ ತಂದ ಟೈರನ್ನು ತಾನೇ ಹೊತ್ತು ತಂದು, ತಾನೇ ಕೂರಿಸಿ, ನಟ್ಟು ಬಿಗಿದ. ಆಮೇಲೆ ಅವಳೆದುರೇ ಎಂಜಿನಿಯರಿಗೆ ಫೋನು ಹಚ್ಚಿದ. ಒಂದು ಸಲ ಆಗಲ್ಲ ಅಂತ ಬರೆದದ್ದನ್ನು ಮತ್ತೆ ತೆರೆಯುವುದು ಕಷ್ಟ ಅಂತ ಆ ಕಡೆಯಿಂದ ಕೇಳಿಸಿತು. "ಕಷ್ಟ ಆದ್ರೂ ಬನ್ನಿ ಸರ್," ಅಂದ ಅಂಗಡಿಯಣ್ಣ. "ಮೂರು ಗಿರಾಕಿಗಳ ಟೈರನ್ನೂ ಸಾಲಾಗಿ ನಿಲ್ಲಿಸಿರ್ತೀನಿ. ನೋಡಿ, ಆಮೇಲೆ ಏನು ಬೇಕಾದ್ರೂ ಬರೀರಿ."

ಎರಡು ದಿನ ಬಿಟ್ಟು ಎಂಜಿನಿಯರ್ ಬಂದ. ಈ ಸಲ ಹತ್ತು ನಿಮಿಷದಲ್ಲಿ ಮುಗಿಸಲಿಲ್ಲ. ಸ್ಟೆಪ್ನಿಯನ್ನು ಬೆಳಕಿಗೆ ತಿರುಗಿಸಿ, ಬಿಳೀ ಕಾಗದ ಎಳೆದ. ಒಣ ಧೂಳು ಬಿಟ್ಟರೆ ಏನೂ ಹತ್ತಲಿಲ್ಲ. ತೆಳ್ಳನೆಯ ಅಳತೆ ಕಡ್ಡಿಯನ್ನು ಬಿರುಕಿಗಿಳಿಸಿ ಬರೆದುಕೊಂಡ. ಒಳ ಟೈರುಗಳಿಗೂ, ಹೊರ ಟೈರುಗಳಿಗೂ, ತರಕಾರಿಯವನದಕ್ಕೂ, ಮರದವನದಕ್ಕೂ ಹಾಗೇ ಮಾಡಿದ. ಎಲ್ಲದರ ಮೇಲೂ ಅಚ್ಚಾಗಿದ್ದ ತಯಾರಿಕೆಯ ವಾರವನ್ನು ಓದಿದ. ಎಲ್ಲ ಒಂದೇ ವಾರದ್ದು. ಕೊನೆಗೆ ಒಂದು ಟೈರಿನ ಮೇಲೆ ಕೂತು ಕನ್ನಡಕ ತೆಗೆದು ಒರೆಸಿದ.

"ಆವತ್ತೇ ನಾನು ಸ್ಟೆಪ್ನಿ ನೋಡ್ಬೇಕಿತ್ತು ಮೇಡಂ. ನೋಡ್ಲಿಲ್ಲ. ತಪ್ಪು ನಂದು. ರಬ್ಬರಲ್ಲೇ ದೋಷ ಇದೆ."

ಅವಳ ಉಸಿರು ಕೆಳಗಿಳಿಯಿತು.

"ಆದ್ರೆ," ಅಂದ ಅವನು, "ಹೊರಗಿನವುಗಳ ಬಿರುಕು ಒಳಗಿನವಕ್ಕಿಂತ ಎರಡರಷ್ಟು ಆಳ ಇದೆ. ಎಣ್ಣೆದೂ ಸುಳ್ಳಲ್ಲ. ಎಷ್ಟು ದಿನಕ್ಕೊಂದ್ಸಲ ಹಚ್ತಿದ್ರು?"

ಪ್ರಶ್ನೆ ಸಣ್ಣದು. ತಿಂಗಳಿಗೊಮ್ಮೆ ಅಂದರೆ ಆಗಿಹೋಗುತ್ತಿತ್ತು. ಅಂಗಡಿಯಣ್ಣ ಅವಳ ಕಡೆ ನೋಡಿ ಹುಬ್ಬು ಕುಣಿಸಿಯೂ ಬಿಟ್ಟ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಪ್ಪ ಈ ಮನುಷ್ಯನೆದುರೇ, ಇದೇ ಜಾಗದಲ್ಲಿ ನಿಂತು, ಹೆಮ್ಮೆಯಿಂದ ಎಲ್ಲವನ್ನೂ ಹೇಳಿದ್ದ. ತಿಂಗಳಿಗೊಮ್ಮೆ ಅಂದರೆ ಅದನ್ನು ಅವಳೇ ಸುಳ್ಳು ಮಾಡಿದ ಹಾಗಾಗುತ್ತಿತ್ತು.

"ದಿನಾ," ಅಂದಳು. "ಒಂದು ದಿನವೂ ತಪ್ಪಿಸ್ತಿರ್ಲಿಲ್ಲ."

ಎಂಜಿನಿಯರ್ ತಲೆಯಾಡಿಸಿ ಬರೆದುಕೊಂಡ.

ಮುಂದಿನ ಮೂರು ವಾರ ಅವಳು ಹೇಗೆ ಕಳೆದಳೋ ಅವಳಿಗೇ ಗೊತ್ತು. ಅಪ್ಪನಿಗೆ ಏನನ್ನೂ ಹೇಳಲಿಲ್ಲ. ಆಸೆ ಹುಟ್ಟಿಸಿ ಅದೂ ಕೈಕೊಟ್ಟರೆ ಅಂತ ಭಯ. ಫೋನು ಸದ್ದು ಮಾಡಿದರೆ ಹಿಟ್ಟಿನ ಕೈಯಲ್ಲೇ ಓಡುತ್ತಿದ್ದಳು. ಗಂಡ ಅವಳ ಕೈಯಿಂದ ಫೋನು ಕಿತ್ತುಕೊಂಡು ಅಕ್ಕಿ ಡಬ್ಬಿಯಲ್ಲಿಟ್ಟು, "ಅರ್ಧ ಗಂಟೆ ಅಲ್ಲೇ ಇರ್ಲಿ, ಟೈರೇನೂ ಫೋನಲ್ಲಿ ಬರಲ್ಲ," ಅಂದರೂ, ಅವಳ ಕಿವಿ ಡಬ್ಬಿಯ ಕಡೆಗೇ.

ಕೊನೆಗೆ ಕಾಗದ ಬಂತು. ಸ್ಟೆಪ್ನಿಗೂ ಒಳಗಿನ ಎರಡಕ್ಕೂ ಪೂರ್ತಿ ಬದಲಿ. ಎಣ್ಣೆ ಕಂಡ ಹೊರಗಿನ ನಾಲ್ಕಕ್ಕೆ, ಅಂದರೆ ಮುಂದಿನ ಎರಡು, ಹಿಂದಿನ ಎರಡಕ್ಕೆ, ಅರ್ಧ ಕಂಪನಿಯದು, ಅರ್ಧ ಅವಳದು. ತರಕಾರಿಯವನಿಗೂ ಮರದವನಿಗೂ ಹೊಸ ಟೈರು ಕೊಟ್ಟರು. ಅಂಗಡಿಯಣ್ಣ ಅವಳ ಲಾರಿಗೆ ಏಳೂ ಟೈರುಗಳನ್ನು ತಾನೇ ಕೂತು ಹಾಕಿಸಿದ. "ನಿಮ್ಮಪ್ಪನ ಮುಖ ಹೇಗೆ ನೋಡ್ಲಿ?" ಅಂದ. "ಬಂದು ನೋಡು, ಗೊತ್ತಾಗತ್ತೆ," ಅಂದಳು ಅವಳು. ಸಿಟ್ಟು ಪೂರ್ತಿ ಇಳಿದಿರಲಿಲ್ಲ.

ಮನೆಗೆ ಬಂದಾಗ ಅಪ್ಪ ಮಂಚದ ಮೇಲೆ ಕೂತಿದ್ದ. ಗಾಡಿಯ ಸದ್ದಿನಲ್ಲೇ ಅವನಿಗೆ ಗೊತ್ತಾಗಿತ್ತು.

"ಟೈರು ಹೊಸದು," ಅಂದ.

"ಹೂಂ. ಕಂಪನಿಯವರು ಕೊಟ್ರು. ರಬ್ಬರಲ್ಲೇ ದೋಷ ಇತ್ತಂತೆ. ಸ್ಟೆಪ್ನಿನೂ ಬಿರಿದಿತ್ತಪ್ಪ. ಸ್ಟೆಪ್ನಿ! ನೀನು ಅದನ್ನ ಮುಟ್ಟೇ ಇಲ್ವಲ್ಲ."

ಅಪ್ಪ ಅವಳ ಮುಖವನ್ನು ಹುಡುಕುವಂತೆ ಮಂಜುಗಣ್ಣು ಕಿರಿದು ಮಾಡಿದ. "ಎಲ್ಲಾನೂ ಅವರದ್ದೇ ತಪ್ಪಾ? ನಂದೇನೂ ಇಲ್ವಾ?"

ದಾರಿಯುದ್ದಕ್ಕೂ ಇದೇ ಪ್ರಶ್ನೆಗೆ ಹತ್ತು ಬಗೆಯ ಉತ್ತರ ಕಟ್ಟಿಕೊಂಡು ಬಂದಿದ್ದಳು. ಒಂದೂ ನೆನಪಾಗಲಿಲ್ಲ.

"ನಿಂದೂ ಇದೆ. ಸ್ವಲ್ಪ."

"ಸ್ವಲ್ಪ ಅಂದ್ರೆ?"

"ಹೊರಗಿನ ನಾಲ್ಕರಲ್ಲಿ ಅರ್ಧ."

ಅಪ್ಪ ಬೆರಳು ಮಡಚಿ ಲೆಕ್ಕ ಹಾಕಿದ. ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಕಾದಳು.

"ಸರಿ," ಅಂದ ಕೊನೆಗೆ, ಭುಜ ಸಡಿಲಿಸುತ್ತ. "ಏನೂ ಇಲ್ಲ ಅಂದಿದ್ರೆ ನಾನು ನಂಬ್ತಿರ್ಲಿಲ್ಲ. ಮುದುಕನಿಗೆ ಸಮಾಧಾನ ಹೇಳ್ತಿದಾಳೆ ಅಂದ್ಕೋತಿದ್ದೆ. ಅರ್ಧ ಅಂದ್ರೆ ನಂಬ್ತೀನಿ."

ಎದ್ದು, ಗೋಡೆ ಹಿಡಿದುಕೊಂಡು ಅಂಗಳಕ್ಕೆ ಬಂದ. ಮುಂದಿನ ಟೈರಿನ ಮೇಲೆ ಅಂಗೈಯಿಟ್ಟು ಸುತ್ತ ಸವರಿದ. ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು ಕಿವಿಗೊಟ್ಟ.

"ಗಾಳಿ ಜಾಸ್ತಿ ಹಾಕ್ಸಿದೀಯ."

"ಇಲ್ಲಪ್ಪ, ಸರಿಯಾಗೇ ಇದೆ. ಮೀಟರ್ ನೋಡೇ ಹಾಕ್ಸಿದೀನಿ."

"ಅವರ ಮೀಟರಿಗೆ ಬೆಂಕಿ ಹಾಕು. ನಾಳೆ ಗಾಜು ತುಂಬ್ಬೇಕು ತಾನೆ? ಇಷ್ಟು ಬಿಗಿ ಇದ್ರೆ ಗುಂಡಿ ಗುಂಡಿಗೂ ಎಗರತ್ತೆ. ಸ್ವಲ್ಪ ಬಿಡು."

"ಬಿಡಲ್ಲ."

"ಬಿಡು ಅಂದ್ನಲ್ಲ."

ತಿಂಗಳ ಮೇಲಾಗಿತ್ತು ಅಪ್ಪ ಅವಳ ಜೊತೆ ಜಗಳಕ್ಕೆ ನಿಂತು. ಗಂಡ ಕಿಟಕಿಯಿಂದ ತಲೆ ಹಾಕಿ ನೋಡಿ ಒಳಗೆ ಹೋದ. ಅವಳು ಗಾಳಿ ಬಿಡಲಿಲ್ಲ; ಅವನು ಬಿಡು ಅನ್ನುವುದನ್ನೂ ಬಿಡಲಿಲ್ಲ. ವಾದ ಮುಗಿಯುವಷ್ಟರಲ್ಲಿ ಅಂಗಳದಿಂದ ಬಿಸಿಲು ಹೋಗಿತ್ತು.